ಕೆಟುರಾ ಮುತ್ತಜ್ಜಿ ಹಾಕಿದ ಓಟು

ಟ್ರೆಂಟನ್, ಅಕ್ಟೋಬರ್ 1915

ಸೊಸೆ ಲವೀನಿಯಾಗೆ ಅತ್ತೆಯ ಆಶೀರ್ವಾದ.

ಹೊಲದ ಹಳೆಯ ಪತ್ರ ಹುಡುಕಲು ಇಲ್ಲಿನ ದಾಖಲೆ ಕಚೇರಿಗೆ ಹೋಗಿದ್ದೆ. ಮುದುಕ ಗುಮಾಸ್ತ 1801ರ ಚುನಾವಣೆಯ ಪಟ್ಟಿಯನ್ನೂ ತಂದು ಮುಂದಿಟ್ಟ. ಓಟು ಹಾಕಿದವರಲ್ಲಿ ನಮ್ಮ ಕೆಟುರಾ ಮುತ್ತಜ್ಜಿಯ ಹೆಸರಿದೆ! ಅದರ ಕೆಳಗೇ ಸೀಸರ್ ಎಂಬ ಸ್ವತಂತ್ರ ಕಪ್ಪು ಕಮ್ಮಾರನ ಹೆಸರು. ಆಗ ನಮ್ಮ ನ್ಯೂಜೆರ್ಸಿಯಲ್ಲಿ ಆಸ್ತಿಯಿದ್ದ ವಿಧವೆಯರಿಗೂ ಕಪ್ಪು ಜನರಿಗೂ ಓಟಿತ್ತಂತೆ. ಆರು ವರ್ಷದ ನಂತರ ಬಿಳಿ ಗಂಡಸರು ಅದನ್ನು ಕಿತ್ತುಕೊಂಡರಂತೆ.

ಗುಮಾಸ್ತ ನನ್ನ ಎದೆಯ ಮೇಲಿದ್ದ, ಹೆಂಗಸರಿಗೆ ಓಟು ಬೇಡವೆನ್ನುವವರ ಕೆಂಪು ಗುಲಾಬಿ ನೋಡಿ ನಕ್ಕ. "ಏನಮ್ಮಾ, ನಿಮ್ಮ ಮುತ್ತಜ್ಜಿ ಓಟು ಹಾಕಿ ಬರೋ ಹೊತ್ಗೆ ಮನೇಲಿ ಒಲೆ ಆರೋಗಿತ್ತಾ?" ಅಂದ.

ಹೋದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ಓಟು ಕೇಳುವವರ ಹಳದಿ ಪಟ್ಟಿಯನ್ನು ನಿನ್ನ ಹೆಗಲಿನಿಂದ ಕಿತ್ತು, "ಕೆಟುರಾ ಮುತ್ತಜ್ಜಿ ಇದ್ದಿದ್ರೆ ನಿನ್ನನ್ನ ಹೊಸಿಲು ತುಳಿಯೋಕೂ ಬಿಡ್ತಿರ್ಲಿಲ್ಲ ಕಣೇ" ಎಂದವಳು ನಾನು. ನೆನೆದರೆ ತಲೆಯೆತ್ತಲಾಗುತ್ತಿಲ್ಲ. ತಪ್ಪು ನನ್ನದು.

ಮಂಡಿನೋವು ಕಡಿಮೆಯಾಗಿದೆ. ಬುಧವಾರ ಬರುತ್ತೇನೆ. ಹೆಂಗಸರಿಗೆ ಓಟು ಕೊಡಬೇಕೇ ಎಂದು ಗಂಡಸರು ತೀರ್ಮಾನಿಸುವ ಈ ಮಂಗಳವಾರದ ಮತದಾನದಲ್ಲಿ ವಿರುದ್ಧವಾಗಿ ಓಟು ಹಾಕೆಂದು ಮಗ ಅಮೋಸನಿಗೆ ಅಪ್ಪಣೆ ಮಾಡಿದ್ದೆ. ನಿನ್ನ ಗಂಡ ಈಗ ಪರವಾಗಿಯೇ ಹಾಕಲಿ.

ಇದನ್ನು ಹೀಗೆ ತೆರೆದ ಕಾರ್ಡಿನಲ್ಲಿ ಬರೆಯದೆ ಲಕೋಟೆಯಲ್ಲಿ ಕಳಿಸಬಹುದಿತ್ತು. ಆದರೆ ನಮ್ಮೂರ ಅಂಚೆಮನೆಯ ಸ್ಕಡರಮ್ಮ ಬಂದ ಕಾರ್ಡನ್ನೆಲ್ಲ ಓದಿ ಊರಿಗೆ ಹೇಳುತ್ತಾಳೆ. ನಿನ್ನನ್ನು ಬೈದದ್ದು ಊರೆಲ್ಲರ ಎದುರಿಗೆ. ಇದನ್ನೂ ಅವರೆಲ್ಲ ಕೇಳಲಿ.

ನಿನ್ನ ಅತ್ತೆ,
ಹೆಪ್ಸಿಬಾ