ಜುಬೇರ್ ಭಾಯಿಯ ವೀಸಾ

ಹಾಸ್ಟೆಲ್, ದಾವಣಗೆರೆ
ಸೋಮವಾರ

ಅಬ್ಬಾಗೆ ಬುಶ್ರಾಳ ಸಲಾಂ.

ಫೋನಲ್ಲಿ ಹೇಳಿದ್ರೆ ನೀವು ಸ್ಪೀಕರ್ ಹಾಕ್ತೀರಿ, ಖಾಜಾಸಾಬ್ ಮಾಮೂ ಪಕ್ಕದಲ್ಲೇ ಕೂತಿರ್ತಾರೆ. ಅದಕ್ಕೇ ನ್ಯಾಮತಿಗೆ ಬರೋ ನನ್ನ ರೂಮ್‌ಮೇಟ್ ಅರ್ಪಿತಾ ಕೈಲಿ ಇದನ್ನ ಕಳಿಸ್ತಿದ್ದೀನಿ.

ಮಾಮೂ ಮಾಡಿಸಿಕೊಟ್ಟ ದುಬೈ ವೀಸಾದ ಫೋಟೋನ ಜುಬೇರ್ ಭಾಯಿ ನನಗೆ ಕಳಿಸಿದ್ದ. ಖುಷಿಯಾಗಿ ಕಂಗ್ರಾಟ್ಸ್ ಅಂತ ಹಾಕಿ, ಆಮೇಲೆ ಓದಿದೆ. ಅದರ ಮೇಲೆ ವಿಸಿಟ್ ಅಂತ ಐತೆ ಅಬ್ಬಾ. ಸುತ್ತಾಡಿ ಬರಾಕೆ ಹೋಗೋರ ವೀಸಾ ಅದು. ಅದರಲ್ಲಿ ಕೆಲಸ ಮಾಡಿದ್ರೆ ಹಿಡೀತಾರೆ. ಕೆಲಸದ್ದಾದರೆ ಅಲ್ಲಿನ ಕಂಪನಿಯೇ ಪರ್ಮಿಟ್ ಮಾಡಿಸಬೇಕು. ಯಾವ ಕಂಪನಿ ಅಂತ ಕೇಳಿದ್ದಕ್ಕೆ ಭಾಯಿ, "ಹೋದ ಮೇಲೆ ಚೇಂಜ್ ಮಾಡಿಸ್ತಾರಂತೆ, ನೀನು ಸುಮ್ನೆ ಓದ್ಕೋ ಲಾಯರಮ್ಮ" ಅಂತ ನಕ್ಕ.

ಏರ್‌ಪೋರ್ಟಲ್ಲಿ ಕೇಳಿದ್ರೆ ನೆಂಟರ ಮದುವೆಗೆ ಅನ್ನು ಅಂತ ಮಾಮೂ ಹೇಳಿಕೊಟ್ಟಿದಾರಂತೆ. ಉಳಿ, ಸುತ್ತಿಗೆನೂ ಬ್ಯಾಗಿಂದ ತೆಗೆಸಿದಾರಂತೆ. ಬಡಗಿ ಕೆಲಸಕ್ಕೆ ಹೋಗೋನಿಗೆ ಉಳಿ ಯಾಕೆ ಬೇಡ? ಅಷ್ಟು ಒಳ್ಳೇ ವೀಸಾ ಆದ್ರೆ ಅವರ ಮಗ ಆರಿಫ್ ಇನ್ನೂ ಹೊನ್ನಾಳಿ ಅಂಗಡೀಲಿ ಯಾಕೆ ಕೂತವ್ನೆ?

ನಂದೇ ತಪ್ಪಿರಬಹುದು. ಮಾಮೂ ಎದುರು ನನ್ನ ಹೆಸರು ಎತ್ತಬೇಡ್ರಿ. ಕಂಪನಿಯವರ ಕಾಗದ ತೋರಿಸು ಅಂತ ಮಾತ್ರ ಕೇಳ್ರಿ. ಅಲ್ಲೀತನಕ ಅಮ್ಮಿ ಭಾಯಿ ತೋಳಿಗೆ ಪ್ರಯಾಣಕ್ಕೆ ರಕ್ಷೆ ಅಂತ ಇಮಾಮ್ ಜಾಮಿನ್ ನಾಣ್ಯ ಕಟ್ಟದಂಗೆ ನೋಡ್ಕಳ್ರಿ. ಅದು ಕಟ್ಟಿದ ಮೇಲೆ ಹೊರಟೋನನ್ನ ತಡೀಬಾರದು ಅಂತ ನೀವೇ ಬಾಗಿಲು ಬಿಟ್ಟು ನಿಲ್ತೀರಿ.

ನಿಮ್ಮ ಮಗಳು,
ಬುಶ್ರಾ