ಅಪ್ಪ ಹುಟ್ಟಿರದ ಊರು

ಹೊನ್ನಾವರ ಮೇಲ್ದಂಡೆ
೨೧೯೩ನೆಯ ಇಸವಿ, ಫೆಬ್ರವರಿ ಮೂವತ್ತು

ಇನ್ನೂ ಕಡಲ ದಡದಲ್ಲೇ ವಾಸವಾಗಿರುವ ನಿಮಗೆ ರೇವತಿ ತಾಂಡೇಲಳ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ರಜೆಯಾಗಿ ನಿಂತಿವೆ. ನನ್ನ ಬರವಣಿಗೆಯಲ್ಲಿ ನಿಮಗೆ ಪರಿಚಯವಿಲ್ಲದ ಪದಗಳು ಬಂದಾವು, ಮನ್ನಿಸಿ. ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಎಂದರೆ ಹಿಂದಿನವರಿಗೆ ಬರೆಯುವ ಓಲೆ. ನಾನು ಶಾಲೆಯ ಅಕ್ಕೋರು. ಪ್ರತಿವರ್ಷ ಐದನೆಯ ತರಗತಿಯ ಮಕ್ಕಳಿಂದ ಒಂದೊಂದು ಹಿಂದೋಲೆ ಬರೆಸುತ್ತೇನೆ. ಇದು ಯಾರಿಗೆ ಹೇಗೆ ತಲುಪುತ್ತದೆ ಎಂದು ಅವರು ಕೇಳಿದಾಗಲೆಲ್ಲ ಮಾತು ಬದಲಿಸಿದ್ದೇನೆ, ಏಕೆಂದರೆ ನನಗೂ ತಿಳಿಯದು. ನಾನೇ ಬರೆಯುತ್ತಿರುವುದು ಇದೇ ಮೊದಲು. ಒಂದು ತಿಂಗಳಿನಿಂದ ತಲೆಯಲ್ಲಿ ತುಂಬಿರುವ ಗೊಂದಲ ಬರೆದರಾದರೂ ತಿಳಿಯಾದೀತೇನೋ ಎಂಬ ಆಸೆ, ಅಷ್ಟೆ.

ನನ್ನ ಅಪ್ಪನ ಹೆಸರು ಜಟ್ಟಪ್ಪ ತಾಂಡೇಲ. ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷ ಸಾಮಾನಿನ ದೋಣಿ ನಡೆಸಿದವನು. ಮೇಲ್ದಂಡೆಯಲ್ಲಿ, ಎಂದರೆ ಕಡಲು ಏರಿದ ಮೇಲೆ ಗುಡ್ಡದ ಓರೆಯಲ್ಲಿ ಕಟ್ಟಿಕೊಂಡ ಈ ಊರಿನಲ್ಲಿ, ಅವನನ್ನು ಅರಿಯದವರಿಲ್ಲ. ಮುಳುಗಿಹೋದ ಶೇಡಿಕೊಡ್ಲ ಎಂಬ ಹಳ್ಳಿಯಲ್ಲಿ ಹುಟ್ಟಿದವರ ಪೈಕಿ ಬದುಕಿರುವುದು ಅವನೊಬ್ಬನೇ ಎಂಬುದೇ ಅದಕ್ಕೆ ಕಾರಣ. ಐದು ವರ್ಷದವನಿದ್ದಾಗ ಆ ಊರು ಬಿಟ್ಟೆ ಎಂದು ಅವನು ಹೇಳುತ್ತಿದ್ದ. ಪಡುವಣಕ್ಕೆ ಬಾಗಿಲಿದ್ದ ಮನೆ, ಹೆಂಚು ಹೊದೆಸಿದ ಬಾವಿ, ದೋಣಿ ಕಟ್ಟುವ ಬಂಡೆಗೆ ಕಡಿದಿದ್ದ ಏಳು ಮೆಟ್ಟಿಲು, ಮಧ್ಯಾಹ್ನ ಬರಿಗಾಲಲ್ಲಿ ಓಡುವಾಗ ಸುಡುತ್ತಿದ್ದ ಮಳಲು. ಇದನ್ನೆಲ್ಲ ಕೇಳುತ್ತಲೇ ನಾನು ದೊಡ್ಡವಳಾದೆ. ಅವನ ದನಿಯನ್ನು ಮುದ್ರಿಸಿ ಶಾಲೆಯ ಸಂಗ್ರಹದಲ್ಲಿ 'ಕಂಡವರ ಮಾತು' ಎಂಬ ಕಪಾಟಿನಲ್ಲಿ ಇಟ್ಟವಳೂ ನಾನೇ. ಇನ್ನೊಬ್ಬರಿಂದ ಕೇಳಿ ಹೇಳಿದವರ ಮಾತಿಗೆ ಅಲ್ಲಿ ಬೇರೆ ಕಪಾಟಿದೆ. ಹದಿನಾರು ವರ್ಷಗಳಿಂದ ಅದನ್ನೇ ಪಾಠ ಮಾಡಿದ್ದೇನೆ.

ಈ ಮಾರ್ಚಿನಿಂದ ಶೇಡಿಕೊಡ್ಲದ ಕೊಲ್ಲಿಗೆ ಮುಚ್ಚುಗಡೆ. ಮೀನು ಮರಿ ಮಾಡಲೆಂದು ಒಂದು ಕೊಲ್ಲಿಗೆ ಮೂವತ್ತು ವರ್ಷ ಮನುಷ್ಯರು ಹೋಗದಂತೆ ಮಾಡುವುದಕ್ಕೆ ಹಾಗೆನ್ನುತ್ತೇವೆ. ಮುಚ್ಚುವ ಮುಂಚೆ ಆ ಊರಿನವರೊಬ್ಬರು ಅಲ್ಲಿ ನಿಂತು, ದೋಣಿಗಳಲ್ಲಿ ನೆರೆದ ಜನರಿಗೆ ಊರಿನ ಕತೆ ಹೇಳಬೇಕು. ಅದು ಊರುನುಡಿ. ಕರಾವಳಿಯ ಉಸ್ತುವಾರಿ ನೋಡುವ ದಡಗಾವಲು ಕಚೇರಿಯವರು ಅದಕ್ಕೆ ಅಪ್ಪನನ್ನು ಆರಿಸಿದ್ದರು. ಅವನು ಇಸ್ತ್ರಿ ಮಾಡಿದ ಅಂಗಿಯನ್ನು ಒಂದು ತಿಂಗಳ ಮೊದಲೇ ತೆಗೆದಿಟ್ಟಿದ್ದ. ಮಾತಾಡುವ ಮುಂಚೆ ಒಮ್ಮೆ ಜಾಗವನ್ನು ಕಣ್ಣಾರೆ ನೋಡಿ ಬರುತ್ತೇನೆ ಎಂದ. ಊರು ಬಿಟ್ಟ ಮೇಲೆ ಅವನು ಅತ್ತ ಹೋಗಿರಲೇ ಇಲ್ಲ. ಕಲ್ಲುಗಳಿರುವ ಕಡೆಗೆ ಸಾಮಾನಿನ ದೋಣಿಗಳನ್ನು ಬಿಡುತ್ತಿರಲಿಲ್ಲ. ಅಲ್ಲಿಗೆ ಹೋಗುವುದಿದ್ದರೆ ನೀರ್ಗುದುರೆಯ ತೀರಯಾನದಲ್ಲಿಯೇ ಹೋಗಬೇಕು, ಅದೂ ದಾರಿ ತೋರಿಸುವವರ ಹಿಂದೆ.

ನೀರ್ಗುದುರೆ ಎಂದರೆ ನಿಮ್ಮಲ್ಲಿ ಯಾವುದೋ ದಪ್ಪ ಪ್ರಾಣಿಯಂತೆ. ನಮ್ಮಲ್ಲಿ ಅದು ನೀವು ಜೆಟ್ ಸ್ಕೀ ಎನ್ನುತ್ತಿದ್ದ ಬಂಡಿ. ಬ್ಯಾಟರಿಯಿಂದ ಓಡುತ್ತದೆ, ಸದ್ದು ಕಡಿಮೆ. ನಮಗೆ ದಾರಿ ತೋರಿಸಲು ಬಂದವಳು ಝೈನಬ್, ಮೂವತ್ತರ ಹರೆಯದ, ಮಿತಭಾಷಿ ಹೆಂಗಸು. ಅವಳ ಅಜ್ಜನ ಕಾಲದಿಂದ ಮನೆತನವೇ ಈ ನೀರಿನದು. ಹೊರಡುವ ಮುಂಚೆ ಅವಳು ಎರಡು ಸಂಗತಿ ಹೇಳಿಕೊಟ್ಟಳು. ಬಂಡಿಯ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡೇ ಇರಬೇಕು, ಬಿದ್ದರೆ ದಾರ ಕಿತ್ತು ಯಂತ್ರ ತಾನೇ ನಿಲ್ಲುತ್ತದೆ. ಎದುರಿಗೆ ಕಲ್ಲು ಕಂಡರೆ ಹೆದರಿ ವೇಗ ಬಿಡಬಾರದು, ವೇಗ ಬಿಟ್ಟ ಬಂಡಿ ಎಷ್ಟು ಹಿಡಿ ತಿರುಗಿಸಿದರೂ ತಿರುಗದೆ ನೆಟ್ಟಗೆ ಹೋಗಿ ಕಲ್ಲಿಗೇ ಬಡಿಯುತ್ತದೆ. ಇದು ನನ್ನ ಬುದ್ಧಿಗೆ ತೀರ ತಲೆಕೆಳಗಾಗಿ ಕಂಡದ್ದರಿಂದ ನಾನು ಅವಳ ಬೆನ್ನಿಗೇ ಕುಳಿತೆ. ಅಪ್ಪ ಒಂದು ಬಂಡಿಯನ್ನು ತಾನೇ ಹಿಡಿದ.

ಜನವರಿಯ ಬೆಳಗು. ಕಡಲು ಎಣ್ಣೆ ಸವರಿದಂತೆ ನಯವಾಗಿತ್ತು. ಎಡಕ್ಕೆ ಕೆಂಪು ಚಿರೇಕಲ್ಲಿನ ಗೋಡೆ, ಅದರ ನೆತ್ತಿಯಲ್ಲಿ ಗೇರುಮರಗಳು. ಮೊದಲು ನಾವು ನಿಮ್ಮ ಹೆದ್ದಾರಿಯ ಮೇಲೆ ಸಾಗಿದೆವು. ಅದರ ದೀಪದ ಕಂಬಗಳು ಎರಡು ಸಾಲಾಗಿ ನೀರಿನಿಂದ ಹೊರಗೆ ನಿಂತಿವೆ, ಒಂದೊಂದರ ಮೇಲೂ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತದೆ. ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಉದ್ದನೆಯ ಚಾವಣಿ. ಅಲ್ಲಿ ನಿಮ್ಮ ವಾಹನಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು ಎನ್ನುತ್ತಾರೆ. ಏಕೆ ನಿಲ್ಲುತ್ತಿದ್ದವು ಎಂಬುದಕ್ಕೆ ನಮ್ಮ ಪುಸ್ತಕದಲ್ಲಿ ಮೂರು ವಿವರಣೆಗಳಿವೆ, ಮೂರೂ ಒಂದಕ್ಕೊಂದು ಕೂಡುವುದಿಲ್ಲ. ತೀರಯಾನದವರು ಮಾತ್ರ ಈಗಲೂ ಅಲ್ಲಿ ವೇಗ ಇಳಿಸಿ ಒಬ್ಬೊಬ್ಬರಾಗಿ ದಾಟುತ್ತಾರೆ, ಅದು ರೂಢಿ. ಅದನ್ನು ದಾಟಿದ ಮೇಲೆ ಝೈನಬ್ ಕೈಯೆತ್ತಿ ಎಡಕ್ಕೆ ತೋರಿಸಿದಳು. ಎರಡು ಕೋಡುಗಲ್ಲುಗಳ ನಡುವೆ ಶೇಡಿಕೊಡ್ಲದ ಕೊಲ್ಲಿ ಬಿಳಿಚಿಕೊಂಡು ಕಾಣಿಸಿತು. ಅಲ್ಲಿಯ ದಡದಲ್ಲಿ ಶೇಡಿಮಣ್ಣು, ಗೋಡೆಗೆ ಬಳಿಯುವ ಬಿಳಿ ಮಣ್ಣು.

ಅಪ್ಪ ನಮ್ಮನ್ನು ಹಿಂದಿಕ್ಕಿ ಒಳಹೊಕ್ಕ. ನಾವು ಸೇರುವಷ್ಟರಲ್ಲಿ ಯಂತ್ರ ನಿಲ್ಲಿಸಿ, ಕೈ ಚಾಚಿ ಚಾಚಿ ಹೇಳತೊಡಗಿದ್ದ. ಮನೆ ಇಲ್ಲಿ, ಬಾವಿ ಅಲ್ಲಿ, ಶಾಲೆಗೆ ಹೋಗುವ ದಾರಿ ಈ ಓರೆಯಲ್ಲಿ, ಮೆಟ್ಟಿಲಿದ್ದ ಬಂಡೆ ಅದೋ ಅದೇ. ಝೈನಬ್ ಬಹಳ ಹೊತ್ತು ಕೇಳಿಸಿಕೊಂಡಳು. ಬಳಿಕ ಅವನು ಹುಟ್ಟಿದ ಇಸವಿ ಯಾವುದೆಂದು ವಿಚಾರಿಸಿದಳು. ಇಪ್ಪತ್ತೊಂದು ಇಪ್ಪತ್ತೆರಡು ಎಂದ ಅಪ್ಪ. ನಮ್ಮಲ್ಲಿ ೨೧೨೨ನ್ನು ಹಾಗೆ ಹೇಳುವುದು. ಅವಳು ತಿರುಗಿ ನನ್ನ ಮುಖ ನೋಡಿದಳು. ಏಕೆಂದು ನನಗೆ ಹೊಳೆಯಲಿಲ್ಲ.

"ಅಜ್ಜಾ, ಬೇಜಾರು ಮಾಡ್ಕೊಳ್ಬೇಡಿ," ಎಂದಳು. "ಈ ಊರು ಖಾಲಿಯಾದದ್ದು ಇಪ್ಪತ್ತೊಂದು ಹದಿನಾರನೇ ಇಸವಿಲಿ. ಕಡೇ ದೋಣಿ ಬಿಟ್ಟವ್ರು ನನ್ನ ಅಜ್ಜನೇ. ಆ ಮಳೆಗಾಲದಲ್ಲೇ ಮನೆಗಳೆಲ್ಲ ಕಡಲಿಗೆ ಹೋದ್ವು. ಆಮೇಲೆ ಇಲ್ಲಿ ಯಾರೂ ಹುಟ್ಲಿಕ್ಕೆ ಸಾಧ್ಯ ಇಲ್ಲ."

ಅಪ್ಪ ನಕ್ಕ. ಬೆರಳು ಮಡಿಚಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ನಾನೂ ಮನಸ್ಸಿನಲ್ಲಿ ಎಣಿಸಿದೆ, ಆರು ವರ್ಷ ಎಲ್ಲಿಯೂ ಕೂಡಿಬರಲಿಲ್ಲ. ಅವನ ಜನನ ಪತ್ರದಲ್ಲಿ ಶೇಡಿಕೊಡ್ಲ ಎಂದು ಬರೆದಿರುವುದನ್ನು ನಾನೇ ಓದಿದ್ದೇನೆ ಎಂದು ವಾದಿಸಿದೆ. ಊರು ಬಿಟ್ಟವರನ್ನು ಇರಿಸಿದ್ದ ಶಿಬಿರದಲ್ಲಿ ಹುಟ್ಟಿದ ಮಕ್ಕಳಿಗೂ ಅಪ್ಪ ಅಮ್ಮನ ಊರನ್ನೇ ಬರೆಯುತ್ತಿದ್ದರು, ತನ್ನ ತಾಯಿಯ ಪತ್ರದಲ್ಲೂ ಹಾಗೆಯೇ ಇದೆ ಎಂದು ಝೈನಬ್ ಮೆಲ್ಲಗೆ ತಿಳಿಸಿದಳು. ಅವಳ ಅಜ್ಜನಿಗೇ ಇಸವಿ ತಪ್ಪಿರಬಹುದಲ್ಲ ಎಂದೆ. ಇರಬಹುದು ಎಂದಳು, ಆದರೆ ಅವಳ ದನಿಯಲ್ಲಿ ಅನುಮಾನವಿರಲಿಲ್ಲ.

"ಹಂಗಾರೆ," ಎಂದ ಅಪ್ಪ, "ಆ ಬಿಸಿ ಮಳಲು ಯಾರ ಕಾಲಿಗೆ ಸುಟ್ಟದ್ದು?"

ಅವನು ಬಂಡಿಯನ್ನು ಬಂಡೆಯ ಕಡೆಗೆ ತಿರುಗಿಸಿದ. ಗಾಳಿ ಏಳುತ್ತಿತ್ತು, ಹಿಂತಿರುಗುವ ಹೊತ್ತಾಗಿತ್ತು. ಬಂಡೆ ಹತ್ತಲು ಯಾರಿಗೂ ಅನುಮತಿ ಇಲ್ಲ. ಝೈನಬ್ ಕೂಗಿ ತಡೆದಳು, ಅವನು ಕೇಳಲಿಲ್ಲ. ಕೊನೆಗೆ ಅವಳೇ ಮುಂದೆ ಹೋಗಿ ಅವನ ಬಂಡಿಯನ್ನು ಬಂಡೆಗೆ ಒತ್ತಿ ಹಿಡಿದು ಇಳಿಸಿದಳು. ಬಂಡೆಯ ಬಡಗಣ ಮಗ್ಗುಲಲ್ಲಿ, ಅವನು ಯಾವಾಗಲೂ ಹೇಳುತ್ತಿದ್ದ ಜಾಗದಲ್ಲಿಯೇ, ಕಡಿದ ಮೆಟ್ಟಿಲುಗಳಿದ್ದವು. ನೀರಿನ ಮೇಲೆ ನಾಲ್ಕು ಕಾಣಿಸುತ್ತಿದ್ದವು. ಉಳಿದವನ್ನು ಅವನು ಕಾಲಿನಿಂದ ತಡಕಿಕೊಂಡು, ಎಣಿಸುತ್ತ ಇಳಿಯತೊಡಗಿದ. ಐದು, ಆರು, ಏಳು. ಏಳರ ಕೆಳಗೂ ಒಂದಿತ್ತು, ಅದರ ಕೆಳಗೆ ಮತ್ತೊಂದು. ಒಂಬತ್ತನೆಯದರಲ್ಲಿ ನೀರು ಅವನ ಎದೆಗೆ ಬಂತು. ಅಲ್ಲಿಯೇ ನಿಂತುಬಿಟ್ಟ. ಅಲೆ ಬಂದು ಹೋಗುವಾಗ ಅವನ ತಲೆ ಮಾತ್ರ ಮೇಲೆ ಉಳಿಯುತ್ತಿತ್ತು. ನಾನು ಕರೆದೆ, ಬೈದೆ. ಅವನು ಮುಖ ತಿರುಗಿಸಲಿಲ್ಲ.

ದೊಡ್ಡಪ್ಪನ ವಿಷಯವನ್ನು ಇಲ್ಲಿ ಹೇಳಬೇಕು. ಅವನ ಹೆಸರು ಹೊನ್ನಪ್ಪ. ಅಪ್ಪನಿಗಿಂತ ಹದಿಮೂರು ವರ್ಷ ದೊಡ್ಡವನು. ಅವರ ಅವ್ವ ಬೇಗ ತೀರಿಹೋದ್ದರಿಂದ ತಮ್ಮನನ್ನು ಸಾಕಿದವನು ಅವನೇ. ಅವನು ಸತ್ತು ಇಪ್ಪತ್ತು ವರ್ಷವಾಯಿತು. ಬದುಕಿದ್ದಾಗ ಶೇಡಿಕೊಡ್ಲದ ಬಗ್ಗೆ ನಮ್ಮೆದುರು ಅವನು ಬಾಯಿ ಬಿಟ್ಟದ್ದೇ ಇಲ್ಲ. ಅದು ಅಪ್ಪನ ಕತೆ ಎಂಬಂತೆ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ. ಆ ಊರನ್ನು ಕಂಡವನು ಅವನೇ ಎಂದು ಹೊಳೆದದ್ದೇ ತಡ, ದೊಡ್ಡಪ್ಪ ನಿನಗೆ ಸುಳ್ಳು ಹೇಳಿದ್ದನೇ ಎಂದು ಕೇಳಿಬಿಟ್ಟೆ.

ಅಪ್ಪ ಆಗ ತಿರುಗಿದ. "ಸುಳ್ಳಲ್ಲ," ಎಂದ. "ಶಿಬಿರದಲ್ಲಿ ಊಟಕ್ಕೆ ಸಾಲು ನಿಲ್ತಿದ್ದೆವು. ಅಷ್ಟು ಹೊತ್ತೂ ಕೇಳ್ತಿದ್ದ. ಮನೆ ನೆನಪದ್ಯಾ ಜಟ್ಟಾ, ಬಾವಿ ನೆನಪದ್ಯಾ ಅಂತ. ಇಲ್ಲ ಅಂದ್ರೆ ಅಳ್ತಿದ್ದ. ಅದ್ಕೆ ಹೌದು ಅಂತಿದ್ದೆ. ಎಷ್ಟು ದಿನ ಹೌದು ಅಂದೆನೋ, ಆಮೇಲೆ ನಂಗೆ ನೆನಪಾಗ್ಲಿಕ್ಕೆ ಶುರುವಾಯ್ತು."

ಝೈನಬ್ ನೀರಿಗಿಳಿದು ಅವನ ತೋಳು ಹಿಡಿದಳು. ಈ ಬಾರಿ ಅವನು ಸುಮ್ಮನೆ ಹತ್ತಿ ಬಂದ.

ಮನೆಗೆ ಬಂದ ಮೇಲೆ ಅಪ್ಪ ತನ್ನ ನೆನಪುಗಳನ್ನು ಮೀನು ಹೆಕ್ಕಿದಂತೆ ಹೆಕ್ಕತೊಡಗಿದ. ಒಂದು ಬುಟ್ಟಿಗೆ ತನ್ನವು, ಇನ್ನೊಂದಕ್ಕೆ ಅಣ್ಣನವು. ಗಂಜಿ ಉಣ್ಣುವಾಗ ಕೈ ತಡೆದು, ಅವ್ವ ಉಪ್ಪುನೀರಿನ ಮಾವಿನಕಾಯಿ ಬಡಿಸುತ್ತಿದ್ದದ್ದು ಯಾವ ಬುಟ್ಟಿಗೆ ಎಂದು ನನ್ನನ್ನೇ ಕೇಳುತ್ತಿದ್ದ. ಒಂದು ದಿನ ಅವ್ವನ ಮುಖವೇ ತನ್ನದಲ್ಲ ಎಂದ, ಮರುದಿನ ಅದೊಂದು ತನ್ನದೇ ಎಂದ. ನನಗೋ ಬೇರೆಯೇ ಚಿಂತೆ. ಹದಿನಾರು ವರ್ಷ ಮಕ್ಕಳಿಗೆ ಹೇಳಿದ್ದನ್ನು ಏನು ಮಾಡಲಿ? ಊರುನುಡಿ ಮುಗಿಯುವತನಕ ಸುಮ್ಮನಿರೋಣ, ಝೈನಬ್ ಯಾರಿಗೂ ಹೇಳುವವಳಲ್ಲ ಎಂದು ಅವನನ್ನು ಒಪ್ಪಿಸಲು ನೋಡಿದೆ. ಇದು ನಾನು ನಾಚಬೇಕಾದ ಮಾತು, ಆದರೂ ಬರೆಯುತ್ತಿದ್ದೇನೆ. ಅಪ್ಪ ಅಂಗಿ ಹಾಕಿಕೊಂಡು ನೇರವಾಗಿ ದಡಗಾವಲಿಗೆ ಹೋಗಿ, ನಾನು ಅಲ್ಲಿ ಹುಟ್ಟಿದವನಲ್ಲ ಎಂದು ತಿಳಿಸಿದ. ಅಲ್ಲಿಯ ಅಧಿಕಾರಿಯೂ ಗೊಂದಲಕ್ಕೆ ಬಿದ್ದರು. ಹುಟ್ಟಿದವರು ಬೇರೆ ಯಾರೂ ಉಳಿದಿಲ್ಲ, ಆದ್ದರಿಂದ ನೀವೇ ಮಾತಾಡಿ, ಹುಟ್ಟಿದ ವಿಷಯ ಮಾತ್ರ ಎತ್ತಬೇಡಿ ಎಂದರಂತೆ.

ಫೆಬ್ರವರಿ ಇಪ್ಪತ್ತೆಂಟಕ್ಕೆ ಊರುನುಡಿ. ಮೂವತ್ತಕ್ಕೂ ಹೆಚ್ಚು ದೋಣಿ, ನೀರ್ಗುದುರೆಗಳು ಕೊಲ್ಲಿಯಲ್ಲಿ ನೆರೆದಿದ್ದವು. ನನ್ನ ಶಾಲೆಯ ಮಕ್ಕಳೂ ಒಂದು ದೋಣಿಯಲ್ಲಿದ್ದರು. ಅಪ್ಪ ಬಂಡೆಯ ಮೇಲೆ ನಿಂತ. ಅವನು ಏನು ಹೇಳುತ್ತಾನೆಂದು ನನಗೆ ಖಂಡಿತ ತಿಳಿದಿರಲಿಲ್ಲ.

"ನಾನು ಇಲ್ಲಿ ಹುಟ್ಟಿದವ ಅಲ್ಲ," ಎಂದು ಶುರುಮಾಡಿದ. "ನಮ್ಮ ಅಣ್ಣ ಹೊನ್ನಪ್ಪ ಹುಟ್ಟಿದ್ದ. ಏಳು ವರ್ಷ ಇಲ್ಲಿದ್ದ. ನಂಗೆ ಊರಿಲ್ಲ ಅಂತ ಅವನ ಊರು ಕೊಟ್ಟ. ಅದನ್ನೇ ಹೇಳ್ತೆ, ಕೇಳಿ."

ಆಮೇಲೆ ಒಂದು ಗಂಟೆ ಹೇಳಿದ. ಮನೆ, ಬಾವಿ, ಮಳಲು ಎಲ್ಲ ಹಿಂದಿನಂತೆಯೇ ಬಂದವು, 'ನಾನು' ಇದ್ದಲ್ಲೆಲ್ಲ 'ಅಣ್ಣ' ಎಂದ. ಎರಡು ಕಡೆ ಬಾಯಿತಪ್ಪಿ 'ನಾನು' ಎಂದ, ಒಂದನ್ನು ತಿದ್ದಿಕೊಂಡ, ಇನ್ನೊಂದನ್ನು ಹಾಗೆಯೇ ಬಿಟ್ಟ. ಅಧಿಕಾರಿ ತಲೆ ತಗ್ಗಿಸಿ ಕುಳಿತಿದ್ದರು. ದೋಣಿಗಳಲ್ಲಿದ್ದ ಜನ ಸಿಟ್ಟಾದರೋ, ಮರುಗಿದರೋ ತಿಳಿಯಲಿಲ್ಲ. ಕಂಡವರ ಕಪಾಟಿನಲ್ಲಿರುವ ಅಪ್ಪನ ಧ್ವನಿಮುದ್ರಿಕೆಯನ್ನು ಕೇಳಿದವರ ಕಪಾಟಿಗೆ ಸೇರಿಸಬೇಕೇ ಎಂದು ಮರುದಿನ ತರಗತಿಯಲ್ಲಿ ಮಕ್ಕಳು ಕೇಳಿದರು. ಗೊತ್ತಿಲ್ಲ ಎಂದೆ. ಅಕ್ಕೋರ ಬಾಯಲ್ಲಿ ಆ ಮಾತು ಕೇಳಿ ಅವರಿಗೆ ಆಶ್ಚರ್ಯವಾಯಿತು.

ನಾನು ನಿಮ್ಮನ್ನು ಕೇಳಬೇಕೆಂದಿರುವುದು ಬೇರೆ. ಆ ದಿನ ಎಲ್ಲರೂ ಸಾಲಾಗಿ ಕೊಲ್ಲಿಯಿಂದ ಹೊರಬಿದ್ದೆವು. ಝೈನಬ್ ಮುಂದೆ, ಅವಳ ಬೆನ್ನಿಗೆ ನಾನು, ನಮ್ಮ ಹಿಂದೆ ಅಪ್ಪನ ಬಂಡಿ. ಕೋಡುಗಲ್ಲು ದಾಟಿದ್ದೇ ಅವನು ಸಾಲು ಬಿಟ್ಟ. ವೇಗ ಪೂರ್ತಿ ಏರಿಸಿ ತೆರೆದ ಕಡಲಿಗೆ ನುಗ್ಗಿದ. ಅಲೆಯ ಮೇಲಿಂದ ಹಾರಿದ, ದೊಡ್ಡದೊಂದು ಸುತ್ತು ಹೊಡೆದ, ನೀರು ಎರಡಾಳೆತ್ತರ ಚಿಮ್ಮಿತು. ಝೈನಬ್ ಕೈಯೆತ್ತಿ ಕರೆದಳು, ಆಮೇಲೆ ಕರೆಯುವುದನ್ನು ಬಿಟ್ಟಳು. ಎಪ್ಪತ್ತೊಂದು ವರ್ಷದ ನನ್ನ ಅಪ್ಪ ಬಾಯಿ ಅಗಲ ತೆರೆದಿದ್ದ. ಯಂತ್ರದ ಸದ್ದು ಕಡಿಮೆಯಾದರೂ ಗಾಳಿಯಲ್ಲಿ ಅವನ ದನಿ ನಮಗೆ ಮುಟ್ಟಲಿಲ್ಲ. ಮುಖವೆಲ್ಲ ಒದ್ದೆ, ಕಡಲಿನದ್ದೋ ಕಣ್ಣಿನದ್ದೋ ಹೇಳಲಾರೆ. ನಾವು ನೀರ್ಗುದುರೆ ಹತ್ತುವುದು ಒಂದು ಕಡೆಗೆ ಹೋಗಲಿಕ್ಕೆ, ನೋಡಲಿಕ್ಕೆ. ನೀವು ಎಲ್ಲಿಗೂ ಹೋಗದೆ ಸುಮ್ಮನೆ ಸುತ್ತುವುದಕ್ಕೆ ಹತ್ತುತ್ತಿದ್ದಿರಂತೆ. ಆಗ ನಿಮ್ಮ ಮುಖಗಳು ಹೇಗಿರುತ್ತಿದ್ದವು? ಆಗ ನಗುತ್ತಿದ್ದೆಯೋ ಅಳುತ್ತಿದ್ದೆಯೋ ಎಂದು ಅಪ್ಪನನ್ನು ನಾನು ಕೇಳಿದೆ, ತನಗೂ ತಿಳಿಯದು ಎಂದ. ನಿಮಗೆ ತಿಳಿದಿದ್ದರೆ, ದಯವಿಟ್ಟು, ನಮಗೊಂದು ಸಾಲು ಬರೆದಿಡಿ.

ಇಂತು,
ರೇವತಿ ಜಟ್ಟಪ್ಪ ತಾಂಡೇಲ