ನಕ್ಕದ್ದು ಯಾರು

ಅಂಜನಾ, ನನಗೆ ಮದುವೆಯಾಯಿತು ಕಣೇ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಇವತ್ತು ಜಯನಗರದ ಅತ್ತೆಮನೆಯಲ್ಲಿ ಗಂಡನ ಹೆಸರು ಹೇಳಿಸುವ ಶಾಸ್ತ್ರವಿತ್ತು. ನಾಚಿಕೆಯಾಗಿ, ಒಂದು ಚಪ್ಪಾಳೆ ತಟ್ಟಿ ಕಣ್ಣು ಮುಚ್ಚಿಕೊಂಡು ನಕ್ಕುಬಿಟ್ಟೆ.

"ಈ ನಗುವಿಗೇ ಕಣಮ್ಮಾ ನಾನು ಬಿದ್ದಿದ್ದು," ಎಂದ ರೇವಂತ್, ತನ್ನ ಅಮ್ಮನಿಗೆ.

"ಯಾರ ನಗುವೇ ಇದು, ನಿಮ್ಮಮ್ಮಂದಾ?" ಎಂದರು ಅತ್ತೆ.

"ಇಲ್ಲ ಅತ್ತೆ, ನಂದೇ."

ಬಿಟಿಎಂ ಪಿಜಿಯ ನಮ್ಮ ರೂಮಿನಲ್ಲಿ ನೀನು ನಗುತ್ತಿದ್ದುದೇ ಹಾಗೆ. ಜಗಳದ ನೆಪದಲ್ಲಿ ನಾನು ಮದುವೆಗೆ ಕರೆಯದೆ ಬಿಟ್ಟವಳ ನಗು ಅದು. ಆಮೇಲೆ ಕನ್ನಡಿಯ ಮುಂದೆ ನಿಂತು, ನನ್ನದೇ ಆದದ್ದು ಏನಾದರೂ ಇದೆಯೇ ಎಂದು ಹುಡುಕಿದೆ. ಮೂಗು ಅಪ್ಪನದು. ಸೀರೆ ಉಟ್ಟಿರುವುದೂ ಚಿಕ್ಕಮ್ಮ ಕಲಿಸಿದ ಹಾಗೆಯೇ. ಆ ಸುಳ್ಳೊಂದು ಮಾತ್ರ ನನ್ನದು.

ಇದನ್ನು ಕಳಿಸುವುದಿಲ್ಲ, ಓದಿದರೆ ನಾನು ಬರುವಾಗ ನೀನು ಮನೆಯಲ್ಲಿ ಇರುವುದಿಲ್ಲ. ಶನಿವಾರ, ವಿಶ್ವಮಾನವ ಎಕ್ಸ್‌ಪ್ರೆಸ್‌ನಲ್ಲಿ ನಿನ್ನೂರು ದಾವಣಗೆರೆಗೆ ಬರುತ್ತಿದ್ದೇನೆ, ಎದುರಿಗೇ ಹೇಳಲು.